ಬ್ಯಾಂಕಾಕ್‌ನಲ್ಲಿ ಮೂರು ದಿನ: ಏನು ನೋಡೋದು, ಏನು ಬಿಡೋದು

ಬ್ಯಾಂಕಾಕ್‌ಗೆ ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅರಮನೆ ನೋಡಲೇಬೇಕಾ? ಟಿಕೆಟ್‌ಗೆ 500 ಬಾತ್ ಕೊಡುವಷ್ಟು ಅಲ್ಲಿ ಏನಿದೆ? ಒಂದು ದಿನವನ್ನು ತೇಲುವ ಮಾರುಕಟ್ಟೆಗೆ ಕೊಡೋದಾ, ಹಳೇ ರಾಜಧಾನಿ ಅಯುತ್ಥಯಕ್ಕೆ ಕೊಡೋದಾ? ಅಪ್ಪ ಅಮ್ಮ ಜೊತೆಗಿದ್ದಾರೆ, ಮೆಟ್ಟಿಲು ಹತ್ತಲಾರರು, ಯಾವುದನ್ನು ಬಿಡೋದು? ಬೆಂಗಳೂರಿನಿಂದ ನೇರ ವಿಮಾನ ಹತ್ತಿದರೆ ನಾಲ್ಕು ಗಂಟೆಯೊಳಗೆ ಸಿಗುವ ಊರು ಅದು. ವಾರಾಂತ್ಯಕ್ಕೆ ಒಂದು ರಜೆ ಸೇರಿಸಿಕೊಂಡು ಹೋಗುವವರೇ ಜಾಸ್ತಿ. ಕೈಯಲ್ಲಿ ಮೂರು ದಿನ ಇರುತ್ತದೆ, ಪಟ್ಟಿಯಲ್ಲಿ ಮೂವತ್ತು ಜಾಗ ಇರುತ್ತವೆ.

ನಾನು ಆ ಊರಿಗೆ ಆಗಾಗ ಹೋಗುತ್ತಿರುತ್ತೇನೆ. ಅಲ್ಲಿಂದ ಬೇಜಾರಾಗಿ ಬಂದವರ ಮಾತು ಕೇಳಿದಾಗಲೆಲ್ಲ ಒಂದು ವಿಷಯ ಕಾಣುತ್ತದೆ. ಅವರು ಹೋದ ಜಾಗ ಚೆನ್ನಾಗಿಯೇ ಇತ್ತು, ಹೋದ ಹೊತ್ತು ಸರಿಯಿರಲಿಲ್ಲ. ಹಾಗಾಗಿ ಈ ಬರಹದಲ್ಲಿ ಪ್ರತಿ ಜಾಗವನ್ನೂ ಮೊದಲು ಗಡಿಯಾರದ ಪಕ್ಕ ಇಟ್ಟು ನೋಡುತ್ತೇನೆ.

ಮೊದಲು ಅಳತೆಗೋಲು

ಬ್ಯಾಂಕಾಕ್‌ನಲ್ಲಿ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಹೊರಗೆ ಅಲೆಯುವುದು ಕಷ್ಟ. ಬಿಸಿಲಿಗಿಂತ ಬೆವರು ಹೆಚ್ಚು ಸುಸ್ತು ಮಾಡುತ್ತದೆ. ಏಪ್ರಿಲ್ ಎಲ್ಲಕ್ಕಿಂತ ಕೆಟ್ಟದ್ದು. ನವೆಂಬರ್‌ನಿಂದ ಫೆಬ್ರುವರಿವರೆಗೆ ಹಿತವಾಗಿರುತ್ತದೆ. ಮೇಯಿಂದ ಅಕ್ಟೋಬರ್‌ವರೆಗೆ ಮಳೆ, ಅದೂ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಒಮ್ಮೆಲೇ ಸುರಿದು ನಿಲ್ಲುವ ಮಳೆ. ಅಂದರೆ ಒಂದು ದಿನದಲ್ಲಿ ನಿಮಗೆ ಸಿಗುವುದು ಎರಡೇ ಒಳ್ಳೆಯ ತುಂಡು. ಎಂಟರಿಂದ ಹನ್ನೊಂದು ಒಂದು, ನಾಲ್ಕರಿಂದ ಎಂಟು ಇನ್ನೊಂದು. ಮೂರು ದಿನಕ್ಕೆ ಆರು ತುಂಡು. ನಡುವಿನ ಹೊತ್ತು ಊಟಕ್ಕೆ, ನಿದ್ದೆಗೆ, ಇಲ್ಲವೇ ಎ.ಸಿ. ಇರುವ ಜಾಗಕ್ಕೆ. ಆರಿಸುವಾಗ ಆ ಆರು ತುಂಡುಗಳನ್ನೇ ಹಂಚುತ್ತಿದ್ದೀರಿ ಅಂದುಕೊಳ್ಳಿ.

ಎರಡನೆಯದು ದಾರಿ. ನದಿ ದೋಣಿಯಲ್ಲೋ ಮೆಟ್ರೋದಲ್ಲೋ ಹೋಗಿ ಬರಬಹುದಾದ ಜಾಗ ಅಗ್ಗವೂ ಹೌದು, ಹೊತ್ತೂ ಉಳಿಯುತ್ತದೆ. ಟ್ಯಾಕ್ಸಿಯಲ್ಲೇ ಹೋಗಬೇಕಾದ ಜಾಗಕ್ಕೆ ಟ್ರಾಫಿಕ್ ಎಷ್ಟು ಹೊತ್ತು ನುಂಗುತ್ತದೆ ಎಂದು ಮೊದಲೇ ಹೇಳಲು ಆಗದು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಮೂರನೆಯದು ಮಂಡಿ. ಮೆಟ್ಟಿಲು ಎಷ್ಟು, ನೆರಳು ಎಲ್ಲಿ, ಕೂರಲು ಜಾಗ ಇದೆಯಾ. ನಾಲ್ಕನೆಯದು ದುಡ್ಡು. ಒಂದು ಬಾತ್ ಅಂದರೆ ಎರಡೂವರೆ ರೂಪಾಯಿಗಿಂತ ಸ್ವಲ್ಪ ಮೇಲೆ. ಇಲ್ಲಿ ಕೊಟ್ಟ ಟಿಕೆಟ್ ದರಗಳು ವಿದೇಶಿಯರಿಗೆ ಹಾಕುವ ದರ. ಆಗಾಗ ಏರುತ್ತವೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಕೊನೆಯದು ನಿಮ್ಮ ಆಸಕ್ತಿ. ಕನ್ನಡದವರಿಗೆ ಈ ಊರಿನೊಳಗೆ ಹೋಗಲು ಎರಡು ಬಾಗಿಲು ಮೊದಲೇ ತೆರೆದಿವೆ. ಒಂದು ರಾಮಾಯಣ, ಇನ್ನೊಂದು ಹಂಪಿ. ಈ ಎರಡರಲ್ಲಿ ಯಾವುದು ನಿಮ್ಮನ್ನು ಹೆಚ್ಚು ಎಳೆಯುತ್ತದೆ ಎನ್ನುವುದರ ಮೇಲೆ ನನ್ನ ಉತ್ತರವೂ ಬದಲಾಗುತ್ತದೆ.

ಅರಮನೆ, ವಾಟ್ ಫೋ, ವಾಟ್ ಅರುಣ್

ಮೂರೂ ಚಾವೊ ಫ್ರಾಯಾ ನದಿಯ ಒಂದೇ ತಿರುವಿನಲ್ಲಿವೆ. ಅರಮನೆಯಿಂದ ವಾಟ್ ಫೋ ದೇವಾಲಯಕ್ಕೆ ನಡೆದೇ ಹೋಗಬಹುದು. ವಾಟ್ ಫೋ ಪಕ್ಕದ ತಾ ತಿಯನ್ ದಕ್ಕೆಯಿಂದ ಸಣ್ಣ ದೋಣಿಯಲ್ಲಿ ಕೆಲವೇ ಬಾತ್ ಕೊಟ್ಟು ನದಿ ದಾಟಿದರೆ ವಾಟ್ ಅರುಣ್. ಅದಕ್ಕೇ ಎಲ್ಲರೂ ಮೂರನ್ನೂ ಒಂದೇ ಬೆಳಿಗ್ಗೆಗೆ ತುರುಕುತ್ತಾರೆ. ಅರಮನೆಗೆ 500, ವಾಟ್ ಫೋಗೆ 300, ವಾಟ್ ಅರುಣ್‌ಗೆ 200. ತಲೆಗೆ ಸಾವಿರ ಬಾತ್ ಆಯಿತು. ನಾಲ್ವರು ದೊಡ್ಡವರಿದ್ದರೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಅಷ್ಟು ಕೊಟ್ಟು ಮೂರನೆಯ ಜಾಗಕ್ಕೆ ಬರುವಾಗ ಕಣ್ಣಲ್ಲಿ ಏನನ್ನೂ ನೋಡುವ ಶಕ್ತಿ ಉಳಿದಿರುವುದಿಲ್ಲ. ಮೂರನ್ನೂ ನೋಡಿ, ಆದರೆ ಒಟ್ಟಿಗೆ ಬೇಡ. ಎರಡೇ ಸಾಕು ಅನ್ನುವವರಿಗೂ ದಾರಿ ಇದೆ.

ಅರಮನೆಯಿಂದ ಶುರು ಮಾಡೋಣ. 1782ರಲ್ಲಿ ಮೊದಲನೆಯ ರಾಮ ಎಂಬ ರಾಜ ರಾಜಧಾನಿಯನ್ನು ನದಿಯ ಪಶ್ಚಿಮ ದಂಡೆಯ ಥೊನ್‌ಬುರಿಯಿಂದ ಪೂರ್ವ ದಂಡೆಗೆ ತಂದಾಗ ಕಟ್ಟಿಸಲು ತೊಡಗಿದ ಅರಮನೆ ಇದು. ಈಗ ರಾಜರು ಇಲ್ಲಿ ವಾಸ ಮಾಡುವುದಿಲ್ಲ, ಆದರೆ ರಾಜಮನೆತನದ ಸಮಾರಂಭಗಳು ಇಲ್ಲೇ ನಡೆಯುತ್ತವೆ. ಟಿಕೆಟ್ ತೆಗೆದುಕೊಂಡವರಿಗೆ ಅರಮನೆಯ ಒಳಕೋಣೆಗಳೆಲ್ಲ ತೆರೆದಿರುತ್ತವೆ ಎಂದುಕೊಳ್ಳಬೇಡಿ. ಹೆಚ್ಚಿನ ಕಟ್ಟಡಗಳನ್ನು ಹೊರಗಿಂದಲೇ ನೋಡಬೇಕು. ಅರಮನೆಯ ಆವರಣದಲ್ಲೇ ಇರುವ ವಾಟ್ ಫ್ರಾ ಕೇವ್ ಗುಡಿಯ ಪಚ್ಚೆ ಬುದ್ಧನ ವಿಗ್ರಹದ ಎತ್ತರ ಸುಮಾರು 66 ಸೆಂಟಿಮೀಟರ್ ಮಾತ್ರ. ಅದನ್ನು ತುಂಬ ಎತ್ತರದ ಪೀಠದ ಮೇಲೆ ಕೂರಿಸಿದ್ದಾರೆ. ಗುಡಿಯೊಳಗೆ ಫೋಟೋ ತೆಗೆಯುವಂತಿಲ್ಲ. ಬೇಸಿಗೆ, ಮಳೆ, ಚಳಿ ಎಂದು ವರ್ಷಕ್ಕೆ ಮೂರು ಸಲ ವಿಗ್ರಹದ ಉಡುಪು ಬದಲಾಗುತ್ತದೆ, ಅದನ್ನು ರಾಜರೇ ಬದಲಿಸುತ್ತಾರೆ.

ಹಾಗಿದ್ದರೆ 500 ಬಾತ್ ಯಾಕೆ? ನನ್ನ ಮಟ್ಟಿಗೆ ಉತ್ತರ ಗುಡಿಯ ಸುತ್ತಲಿನ ಪಡಸಾಲೆಯಲ್ಲಿದೆ. ವಾಟ್ ಫ್ರಾ ಕೇವ್ ಅಂಗಳವನ್ನು ಸುತ್ತುವರಿದ ಗೋಡೆಯ ಮೇಲೆ 178 ಚಿತ್ರಗಳಲ್ಲಿ ಇಡೀ ರಾಮಕಿಯನ್, ಅಂದರೆ ಥಾಯ್ ರಾಮಾಯಣ, ಬರೆದಿದ್ದಾರೆ. ಉತ್ತರದ ಬದಿಯ ನಡುವಿನಿಂದ ಕಥೆ ಶುರುವಾಗುತ್ತದೆ. ಜನಕ ಉಳುವಾಗ ಸೀತೆ ಸಿಗುವ ಚಿತ್ರ ಮೊದಲು. ಅಲ್ಲಿಂದ ಪ್ರದಕ್ಷಿಣೆ ಹಾಕುತ್ತಾ ಹೋದರೆ ಕಥೆ ಮುಂದುವರಿಯುತ್ತದೆ. ನಮಗೆ ಗೊತ್ತಿರುವ ಕಥೆಯೇ, ಆದರೆ ಅಲ್ಲಲ್ಲಿ ಬೇರೆ ದಾರಿ ಹಿಡಿಯುತ್ತದೆ. ಹನುಮಂತ ಇಲ್ಲಿ ಬಿಳಿ ಬಣ್ಣದವನು, ಬ್ರಹ್ಮಚಾರಿಯೂ ಅಲ್ಲ. ಸೇತುವೆ ಕಟ್ಟುವಾಗ ಕಲ್ಲುಗಳನ್ನು ಕದಿಯುವ ಮೀನುಗಳ ರಾಣಿ ರಾವಣನ ಮಗಳು, ಅವಳನ್ನೇ ಹನುಮಂತ ಮದುವೆಯಾಗುತ್ತಾನೆ. ಇನ್ನೊಂದು ಕಡೆ ರಾಮನನ್ನು ಕಾಪಾಡಲು ಹನುಮಂತ ಬೆಟ್ಟದಷ್ಟು ಬೆಳೆದು ಇಡೀ ಬಿಡಾರವನ್ನೇ ಬಾಯೊಳಗೆ ಇಟ್ಟುಕೊಂಡು ಕೂತಿದ್ದಾನೆ. ಹಂಪಿಯ ಹಜಾರರಾಮ ಗುಡಿಯ ಗೋಡೆಗಳನ್ನು ಬೆರಳಿಟ್ಟು ಓದಿದವರಿಗೆ ಈ ಪಡಸಾಲೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಹೆಚ್ಚಿನ ಗುಂಪುಗಳು ಚಿನ್ನದ ಸ್ತೂಪದ ಮುಂದೆ ನಿಂತು ಫೋಟೋ ತೆಗೆದು ಹೊರಟುಬಿಡುತ್ತವೆ. ಪಡಸಾಲೆಯಲ್ಲಿ ನೆರಳೂ ಇದೆ, ಜನವೂ ಕಡಿಮೆ.

ಅರಮನೆಗೆ ಹೋಗುವುದಾದರೆ ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುವಾಗಲೇ ಇರಿ. ಟಿಕೆಟ್ ಕೊಡುವುದು ಮಧ್ಯಾಹ್ನ ಮೂರೂವರೆಗೆ ನಿಲ್ಲುತ್ತದೆ, ಹಾಗಾಗಿ ಸಂಜೆಯ ತುಂಡಿನಲ್ಲಿ ಇದನ್ನು ಇಡಲು ಆಗದು. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕೇ ಬೇಕು. ಸುತ್ತಮುತ್ತ ಯಾರಾದರೂ ಬಂದು "ಇವತ್ತು ಅರಮನೆ ಮುಚ್ಚಿದೆ, ಬೇರೆ ಜಾಗ ತೋರಿಸುತ್ತೇನೆ" ಅಂದರೆ ನಂಬಬೇಡಿ. ಆ ಟುಕ್‌ಟುಕ್ ಹೋಗಿ ನಿಲ್ಲುವುದು ಹರಳಿನ ಅಂಗಡಿಯ ಮುಂದೆ. ಸಮಾರಂಭಗಳಿಗಾಗಿ ನಿಜವಾಗಿಯೂ ಮುಚ್ಚುವ ದಿನಗಳಿವೆ, ಅವನ್ನು ಅರಮನೆಯ ಜಾಲತಾಣದಲ್ಲೇ ಹಾಕುತ್ತಾರೆ.

ವಾಟ್ ಫೋ ಇದಕ್ಕೆ ಎಲ್ಲ ರೀತಿಯಲ್ಲೂ ಬೇರೆ. ಮಲಗಿದ ಬುದ್ಧನ ಉದ್ದ 46 ಮೀಟರ್. ಪಾದಗಳಲ್ಲಿ ಮುತ್ತಿನ ಚಿಪ್ಪು ಕೂರಿಸಿ 108 ಮಂಗಳ ಚಿಹ್ನೆಗಳನ್ನು ಬಿಡಿಸಿದ್ದಾರೆ. ಬೆನ್ನ ಹಿಂದಿನ ಸಾಲಿನಲ್ಲಿ 108 ಕಂಚಿನ ಬಟ್ಟಲುಗಳಿವೆ, ಜನ ಚಿಲ್ಲರೆ ಹಾಕುತ್ತಾ ನಡೆಯುವ ಸದ್ದು ಮಂಟಪದ ತುಂಬ ಇರುತ್ತದೆ. ಎಲ್ಲರೂ ಇದೊಂದನ್ನು ನೋಡಿ ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮೂರನೆಯ ರಾಮ ಇಲ್ಲಿ ವೈದ್ಯ, ಮಾಲೀಸು, ಸಾಹಿತ್ಯ ಹೀಗೆ ಆ ಕಾಲದ ವಿದ್ಯೆಗಳನ್ನೆಲ್ಲ ಕಲ್ಲಿನ ಮೇಲೆ ಕೆತ್ತಿಸಿ ಗೋಡೆಗಳಿಗೆ ಕೂರಿಸಿದ. ಓದು ಬರುವ ಯಾರು ಬೇಕಾದರೂ ಬಂದು ಕಲಿಯಬಹುದಿತ್ತು. ಆ ಶಾಸನಗಳು ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಯಲ್ಲಿವೆ. ಸಣ್ಣ ಮಂಟಪಗಳ ಗೋಡೆಗಳಲ್ಲಿ ಮನುಷ್ಯನ ಮೈ ಬಿಡಿಸಿ, ಎಲ್ಲೆಲ್ಲಿ ಒತ್ತಬೇಕೆಂದು ಗೆರೆ ಎಳೆದ ಹಲಗೆಗಳಿವೆ. ಮಾಲೀಸು ಕಲಿಸುವ ಶಾಲೆ ಇವತ್ತಿಗೂ ಇಲ್ಲಿ ನಡೆಯುತ್ತಿದೆ. ಕಾಲು ನೋಯುತ್ತಿದ್ದರೆ ಅಲ್ಲೇ ಮಾಲೀಸು ಮಾಡಿಸಿಕೊಂಡು ಮುಂದೆ ಹೋಗಬಹುದು.

ಮುಖ್ಯ ಗುಡಿಯ ಬುಡದಲ್ಲಿ ಸುತ್ತಲೂ ಅಮೃತಶಿಲೆಯ 152 ಫಲಕಗಳಲ್ಲಿ ರಾಮಕಿಯನ್ ಕೆತ್ತನೆ ಇದೆ. ಅರಮನೆ ಬಿಟ್ಟವರು ರಾಮಾಯಣವನ್ನು ಇಲ್ಲಿ ನೋಡಿಕೊಳ್ಳಬಹುದು. ನೆಲ ಹೆಚ್ಚುಕಡಿಮೆ ಸಮ, ಮರಗಳಿವೆ, ಕೂರಲು ಕಟ್ಟೆಗಳಿವೆ. ಸಂಜೆ ಆರು ದಾಟಿದ ಮೇಲೂ ತೆರೆದಿರುತ್ತದೆ, ಆ ಹೊತ್ತಿಗೆ ಪ್ರವಾಸಿ ಬಸ್ಸುಗಳು ಹೋಗಿರುತ್ತವೆ, ಬಣ್ಣದ ಹೆಂಚು ಹೊದ್ದ ಸ್ತೂಪಗಳ ಮೇಲೆ ಇಳಿಬಿಸಿಲು ಬೀಳುತ್ತದೆ. ಮೂರರಲ್ಲಿ ಒಂದನ್ನು ಮಾತ್ರ ಆರಿಸು ಅಂದರೆ ನಾನು ವಾಟ್ ಫೋ ಅನ್ನುತ್ತೇನೆ. ಎರಡನೇ ಮಾತಿಲ್ಲ.

ವಾಟ್ ಅರುಣ್ ದೂರದಿಂದಲೂ ಚೆಂದ, ಹತ್ತಿರದಿಂದಲೂ ಚೆಂದ. ದೂರದಿಂದ ಅದು ಬೂದು ಬಣ್ಣದ ಗೋಪುರ. ಹತ್ತಿರ ಹೋದರೆ ಪಿಂಗಾಣಿ ಚೂರುಗಳಲ್ಲಿ ಮಾಡಿದ ಹೂವು, ಎಲೆ, ಯಕ್ಷ, ವಾನರರು ಕಾಣುತ್ತಾರೆ. ಪಚ್ಚೆ ಬುದ್ಧ 1784ರಲ್ಲಿ ನದಿ ದಾಟಿ ಅರಮನೆಯ ಗುಡಿಗೆ ಹೋಗುವ ಮುಂಚೆ ಇದ್ದದ್ದು ಇಲ್ಲೇ. ಗೋಪುರದ ನದಿಯ ಕಡೆಯ ಮುಖ ಪೂರ್ವಕ್ಕಿದೆ, ಆದ್ದರಿಂದ ಬೆಳಿಗ್ಗೆ ಹೋದರೆ ಪಿಂಗಾಣಿಯ ಬಣ್ಣ ಎದ್ದು ಕಾಣುತ್ತದೆ. ಸೂರ್ಯ ಮುಳುಗುವುದನ್ನು ನೋಡಬೇಕಾದರೆ ಒಳಗೆ ಹೋಗುವುದೇ ಬೇಡ, ಎದುರು ದಂಡೆಯಲ್ಲಿ ತಾ ತಿಯನ್ ಹತ್ತಿರ ನಿಲ್ಲಿ. ಗೋಪುರದ ಬೆನ್ನ ಹಿಂದೆ ಸೂರ್ಯ ಇಳಿಯುತ್ತಾನೆ, ಆಮೇಲೆ ದೀಪ ಹತ್ತಿಸುತ್ತಾರೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಗೋಪುರದ ಮೆಟ್ಟಿಲುಗಳು ತುಂಬ ಕಡಿದು, ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಮಂಡಿ ನೋವಿರುವವರು ಕೆಳಗೇ ನಿಂತು ನೋಡಿದರೂ ಕಳೆದುಕೊಳ್ಳುವುದು ಕಡಿಮೆ.

ಮೊದಲ ಸಲ ಹೋಗುವವರಿಗೆ ನನ್ನ ಹಂಚಿಕೆ ಇದು. ಒಂದು ಬೆಳಿಗ್ಗೆ ಅರಮನೆ. ಇನ್ನೊಂದು ದಿನ ಸಂಜೆ ನಾಲ್ಕಕ್ಕೆ ವಾಟ್ ಫೋ, ಅಲ್ಲಿಂದ ಹೊರಬಂದು ತಾ ತಿಯನ್ ಹತ್ತಿರ ಸೂರ್ಯಾಸ್ತ. ವಾಟ್ ಅರುಣ್ ಒಳಗೆ ಹೋಗುವ ಆಸೆ ಇದ್ದರೆ ಮೂರನೆಯ ಬೆಳಿಗ್ಗೆಗೆ ಇಡಿ.

ನೀರಿನ ಮೇಲೆ: ತೇಲುವ ಮಾರುಕಟ್ಟೆಯೋ, ಥೊನ್‌ಬುರಿಯ ಕಾಲುವೆಯೋ

ಕ್ಯಾಲೆಂಡರ್‌ಗಳಲ್ಲಿ ಕಾಣುವ ತೇಲುವ ಮಾರುಕಟ್ಟೆ ದಾಮ್ನೊನ್ ಸಾದುವಾಕ್. ಅದು ಬ್ಯಾಂಕಾಕ್‌ನಲ್ಲಿಲ್ಲ, ನೈಋತ್ಯಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ರಾಚಬುರಿ ಪ್ರಾಂತ್ಯದಲ್ಲಿದೆ. ನಸುಕಿಗೇ ಹೊರಡಬೇಕು. ಒಂಬತ್ತು ಗಂಟೆಯ ಹೊತ್ತಿಗೆ ಕಾಲುವೆ ತುಂಬ ಪ್ರವಾಸಿಗಳ ದೋಣಿಗಳೇ. ಮಾರುವ ಸಾಮಾನೂ ಹೆಚ್ಚಾಗಿ ಪ್ರವಾಸಿಗಳಿಗಾಗಿ ತಂದದ್ದು. ಮಕ್ಕಳಿಗೆ ಇಷ್ಟವಾಗುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಮೂರು ದಿನದವರು ಇದಕ್ಕೆ ಒಂದು ಬೆಳಿಗ್ಗೆ ಪೂರ್ತಿ, ಜೊತೆಗೆ ಅರ್ಧ ಮಧ್ಯಾಹ್ನ ಕೊಡಬೇಕಾಗುತ್ತದೆ. ನಾನಾದರೆ ಕೊಡುವುದಿಲ್ಲ.

ಅಂಫಾವಾ ಮಾರುಕಟ್ಟೆ ಇದಕ್ಕಿಂತ ಮೇಲು. ಅಲ್ಲಿಗೆ ಥಾಯ್ ಕುಟುಂಬಗಳೇ ಹೆಚ್ಚಾಗಿ ಬರುತ್ತವೆ. ವಾರಾಂತ್ಯದಲ್ಲಿ ಮಾತ್ರ, ಅದೂ ಮಧ್ಯಾಹ್ನದ ಮೇಲೆ ಜೋರು. ಕತ್ತಲಾದ ಮೇಲೆ ಮಿಂಚುಹುಳ ನೋಡಲು ದೋಣಿಗಳು ಹೋಗುತ್ತವೆ. ದಾರಿಯಲ್ಲಿ ಮೇಕ್ಲಾಂಗ್ ಸಂತೆ ಸಿಗುತ್ತದೆ, ರೈಲು ಬಂದಾಗ ಅಂಗಡಿಗಳ ಚಪ್ಪರ ಹಿಂದಕ್ಕೆ ಮಡಚಿಕೊಳ್ಳುವ ಸಂತೆ ಅದು. ಎರಡೂ ಸೇರಿ ಒಂದು ಇಡೀ ದಿನ. ವಾಪಸು ಬರುವಾಗ ರಾತ್ರಿಯಾಗುತ್ತದೆ. ನಾಲ್ಕೈದು ದಿನ ಇರುವವರಿಗೆ, ಶನಿವಾರ ಕೈಯಲ್ಲಿರುವವರಿಗೆ ಹೇಳಿ ಮಾಡಿಸಿದ್ದು.

ಊರು ಬಿಡದೆ ನೀರನ್ನು ನೋಡಬೇಕು ಅನ್ನುವವರು ಥೊನ್‌ಬುರಿಯ ಕಾಲುವೆಗಳಿಗೆ ಹೋಗಿ. 1767ರಲ್ಲಿ ಅಯುತ್ಥಯ ಬಿದ್ದ ಮೇಲೆ ಹದಿನೈದು ವರ್ಷ ರಾಜಧಾನಿಯಾಗಿದ್ದ ದಂಡೆ ಇದು. ಉದ್ದ ಬಾಲದಂಥ ಮೋಟಾರ್ ಕಟ್ಟಿದ ದೋಣಿಯನ್ನು ಬಾಡಿಗೆಗೆ ಹಿಡಿದರೆ ನೀರಿನಲ್ಲೇ ಕಂಬ ನೆಟ್ಟು ಕಟ್ಟಿದ ಮನೆಗಳು, ಮನೆ ಮುಂದಿನ ಪುಟ್ಟ ದಕ್ಕೆಗಳು, ಬಿಸಿಲು ಕಾಯುತ್ತಾ ಮಲಗಿದ ಉಡಗಳು ಕಾಣುತ್ತವೆ. ಇಡೀ ದೋಣಿಗೆ ಗಂಟೆಗೆ ಸಾವಿರ ಬಾತ್ ಮೇಲೆ ಕೇಳುತ್ತಾರೆ. ಒಬ್ಬರಿಗೆ ದುಬಾರಿ, ಐದಾರು ಜನಕ್ಕೆ ಅಗ್ಗ. ಹತ್ತುವ ಮುಂಚೆಯೇ ಎಷ್ಟು ಹೊತ್ತು, ಎಲ್ಲೆಲ್ಲಿ ನಿಲ್ಲಿಸುವುದು, ಒಟ್ಟು ಎಷ್ಟು ಎಂದು ಮಾತಾಡಿಕೊಳ್ಳಿ. ಬಾಂಗ್ ಲುವಾಂಗ್ ಕಾಲುವೆಯ ಹಳೇ ಮರದ ಮನೆಗಳ ಸಾಲಿನಲ್ಲಿ ಇಳಿಯಲು ಕೇಳಿ. ವಾಟ್ ಪಾಕ್‌ನಾಮ್ ಕೂಡ ಅದೇ ಕಡೆ. 69 ಮೀಟರ್ ಎತ್ತರದ ಬುದ್ಧ ಮನೆಗಳ ಮೇಲಿಂದ ಎದ್ದು ಕಾಣುತ್ತಾನೆ, ಒಳಗೆ ಹೋಗಲು ದುಡ್ಡಿಲ್ಲ.

ಕೈ ಬಿಗಿ ಇರುವವರಿಗೆ ಇನ್ನೂ ಸುಲಭದ ದಾರಿ ಇದೆ. ಬಿ.ಟಿ.ಎಸ್. ರೈಲಿನಲ್ಲಿ ಸಫಾನ್ ತಾಕ್ಸಿನ್ ನಿಲ್ದಾಣಕ್ಕೆ ಹೋಗಿ, ಕೆಳಗಿನ ಸಾತೊರ್ನ್ ದಕ್ಕೆಯಲ್ಲಿ ಕಿತ್ತಳೆ ಬಾವುಟದ ದೋಣಿ ಹತ್ತಿ. ಟಿಕೆಟ್ ಇಪ್ಪತ್ತು ಬಾತ್ ಆಸುಪಾಸು. ಕೆಲಸಕ್ಕೆ ಹೋಗುವ ಜನ, ಶಾಲೆ ಮಕ್ಕಳು, ಭಿಕ್ಷುಗಳು, ಎಲ್ಲರೂ ಅದರಲ್ಲೇ ಹೋಗುತ್ತಾರೆ. ಪಕ್ಕದಲ್ಲೇ ಪ್ರವಾಸಿ ದೋಣಿಯ ಇಡೀ ದಿನದ ಪಾಸನ್ನು ಜೋರಾಗಿ ಕೂಗಿ ಮಾರುತ್ತಿರುತ್ತಾರೆ. ದಿನಕ್ಕೆ ನಾಲ್ಕೈದು ಸಲ ಹತ್ತಿ ಇಳಿಯುವವರಿಗೆ ಮಾತ್ರ ಅದು ಲಾಭ.

ಹಳೆಯದನ್ನು ನೋಡಲು: ಅಯುತ್ಥಯವೋ, ರಾಷ್ಟ್ರೀಯ ವಸ್ತು ಸಂಗ್ರಹಾಲಯವೋ

ಇದು ನಿಜವಾಗಿಯೂ ಕಷ್ಟದ ಆಯ್ಕೆ. ಅಯುತ್ಥಯ ಉತ್ತರಕ್ಕೆ ಸುಮಾರು 80 ಕಿಲೋಮೀಟರ್. ಹದಿನಾಲ್ಕನೆಯ ಶತಮಾನದ ನಡುವಿನಿಂದ ನಾನೂರು ವರ್ಷಕ್ಕೂ ಹೆಚ್ಚು ಕಾಲ ಸಯಾಮಿನ ರಾಜಧಾನಿ. 1767ರಲ್ಲಿ ಬರ್ಮಾದ ಸೇನೆ ಸುಟ್ಟು ಹಾಕಿತು. 1991ರಿಂದ ವಿಶ್ವ ಪರಂಪರೆಯ ತಾಣ. ಸುಟ್ಟ ಊರಿನ ಇಟ್ಟಿಗೆಗಳನ್ನು ನದಿಯಲ್ಲಿ ಸಾಗಿಸಿ ಬ್ಯಾಂಕಾಕ್ ಕಟ್ಟಲು ಬಳಸಿದರು. ಹಾಗಾಗಿ ಬ್ಯಾಂಕಾಕ್ ಯಾಕೆ ಹೀಗಿದೆ, ನದಿಯ ತಿರುವಿನಲ್ಲೇ ಯಾಕೆ ಕೂತಿದೆ ಅನ್ನುವುದು ಅಯುತ್ಥಯ ನೋಡಿದ ಮೇಲೆ ಹೊಳೆಯುತ್ತದೆ. ಅಲ್ಲೂ ನದಿಗಳು ಸುತ್ತುವರಿದು ಊರನ್ನು ದ್ವೀಪ ಮಾಡಿವೆ.

ಹಂಪಿ ನೋಡಿದವರು ಅಲ್ಲಿ ನಿಂತಾಗ ಎರಡು ವಿಷಯ ಗಮನಿಸುತ್ತಾರೆ. ಹಂಪಿ ಕಲ್ಲು, ಇದು ಇಟ್ಟಿಗೆ. ಗಾರೆ ಉದುರಿ ಕೆಂಪು ಮೈ ಹೊರಗೆ ಕಾಣುತ್ತಿದೆ, ಬುದ್ಧನ ವಿಗ್ರಹಗಳು ಸಾಲುಗಟ್ಟಿ ತಲೆಯಿಲ್ಲದೆ ಕೂತಿವೆ. ಹಂಪಿಯಲ್ಲಿ ಬೆಟ್ಟ ಗುಡ್ಡ ಬಂಡೆಗಳು ಅವಶೇಷಗಳನ್ನು ತಬ್ಬಿಕೊಂಡಿವೆ, ಇಲ್ಲಿ ಸಪಾಟು ನೆಲ, ನಡುವೆ ಈಗಿನ ಊರು. ಮೊದಲ ನೋಟಕ್ಕೆ ಹಂಪಿಯೇ ಮೇಲು ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತದೆ. ಆದರೆ ವಾಟ್ ಫ್ರಾ ಸಿ ಸನ್‌ಫೆಟ್‌ನ ಮೂರು ಸ್ತೂಪಗಳ ಮುಂದೆ ನಿಂತಾಗಲೋ, ನದಿ ದಂಡೆಯ ವಾಟ್ ಚಾಯ್‌ವತ್ತನಾರಾಮ್‌ನಲ್ಲಿ ಸಂಜೆ ಕೂತಾಗಲೋ ಹೋಲಿಕೆ ಮರೆತು ಹೋಗುತ್ತದೆ. ವಾಟ್ ಮಹಾಥಾಟ್‌ನಲ್ಲಿ ಮರದ ಬೇರುಗಳ ನಡುವೆ ಸಿಕ್ಕ ಬುದ್ಧನ ತಲೆಯ ಮುಂದೆ ಫೋಟೋ ತೆಗೆಯುವಾಗ ಕೆಳಗೆ ಕೂರಬೇಕು, ನಿಮ್ಮ ತಲೆ ಬುದ್ಧನ ತಲೆಗಿಂತ ಮೇಲಿರಬಾರದು ಎಂಬುದು ಅಲ್ಲಿನ ಮರ್ಯಾದೆ.

ರೈಲಿನಲ್ಲಿ ಮೂರನೇ ದರ್ಜೆಯ ಟಿಕೆಟ್ ಇಪ್ಪತ್ತು ಬಾತ್ ಆಸುಪಾಸು, ಒಂದೂವರೆಯಿಂದ ಎರಡು ಗಂಟೆ ಪ್ರಯಾಣ. ನಿಲ್ದಾಣದ ಮುಂದಿನ ದಕ್ಕೆಯಿಂದ ದೋಣಿಯಲ್ಲಿ ದಾಟಿ ಸೈಕಲ್ ಬಾಡಿಗೆ ಹಿಡಿಯಬಹುದು. ವಯಸ್ಸಾದವರಿದ್ದರೆ ಟುಕ್‌ಟುಕ್ ಒಂದನ್ನು ಗಂಟೆಗಳ ಲೆಕ್ಕದಲ್ಲಿ ಮಾತಾಡಿಕೊಳ್ಳಿ. ನೆರಳು ಕಡಿಮೆ, ಇದೇ ಇದರ ದೊಡ್ಡ ಕೊರತೆ. ಬ್ಯಾಂಕಾಕ್‌ನಿಂದ ಬೆಳಿಗ್ಗೆ ಏಳಕ್ಕೆ ಹೊರಟವರು ಹನ್ನೊಂದರೊಳಗೆ ಎರಡು ಗುಡಿ ನೋಡಬಹುದು, ಆಮೇಲೆ ಊಟ ವಿಶ್ರಾಂತಿ, ಸಂಜೆ ಮತ್ತೊಂದು. ಏಪ್ರಿಲ್‌ನಲ್ಲಿ ಇದನ್ನು ಬಿಟ್ಟುಬಿಡಿ.

ಬಿಸಿಲು ಆಗದವರಿಗೆ ರಾಷ್ಟ್ರೀಯ ವಸ್ತು ಸಂಗ್ರಹಾಲಯ ಇದೆ. ಅರಮನೆಯ ಹತ್ತಿರವೇ, ಸನಾಮ್ ಲುವಾಂಗ್ ಮೈದಾನದ ಪಕ್ಕ. ಸೋಮವಾರ, ಮಂಗಳವಾರ ರಜೆ. ಉಪರಾಜನ ಅರಮನೆಯಾಗಿದ್ದ ಕಟ್ಟಡಗಳು. ಸುಖೋಥಾಯ್, ಅಯುತ್ಥಯ ಕಾಲದ ವಿಗ್ರಹಗಳು ತಲೆ ಸಮೇತ ಇಲ್ಲಿ ಸಿಗುತ್ತವೆ. ಬುದ್ಧೈಸವನ್ ಗುಡಿಯ ಗೋಡೆಚಿತ್ರಗಳು, ರಾಜರ ಅಂತ್ಯಕ್ರಿಯೆಯ ಭಾರಿ ರಥಗಳು, ರಾಮ್‌ಖಮ್‌ಹೇಂಗ್ ರಾಜನ ಹೆಸರಿನ ಕಲ್ಲು ಶಾಸನ ಎಲ್ಲವೂ ಒಂದೇ ಆವರಣದಲ್ಲಿವೆ. ಶಾಸನ ಓದುವ ಅಭ್ಯಾಸ ಇರುವ ನಮ್ಮವರಿಗೆ ಇದು ಹಬ್ಬ. ದಕ್ಷಿಣ ಭಾರತದ ಪಲ್ಲವ ಲಿಪಿ ಕಡಲು ದಾಟಿ ಹೋಗಿ ಹೇಗೆ ಹೊಸ ಹೊಸ ಲಿಪಿಗಳಾಯಿತು ಎನ್ನುವುದು ಇಲ್ಲಿ ಕಣ್ಣೆದುರು ಕಾಣುತ್ತದೆ. ಮಧ್ಯಾಹ್ನದ ಸತ್ತ ಹೊತ್ತನ್ನು ಇದಕ್ಕೆ ಕೊಟ್ಟರೆ ಆರು ತುಂಡುಗಳಲ್ಲಿ ಒಂದೂ ಖರ್ಚಾಗುವುದಿಲ್ಲ, ಅದೇ ಇದರ ದೊಡ್ಡ ಗುಣ.

ಮೂರನೆಯದಾಗಿ ಬ್ಯಾಂಕಾಕ್ ಪಕ್ಕದ ಸಮುತ್ ಪ್ರಾಕಾನ್‌ನ ಮುವಾಂಗ್ ಬೊರಾನ್. ಇಡೀ ದೇಶದ ಹೆಸರಾಂತ ಕಟ್ಟಡಗಳ ಪ್ರತಿಕೃತಿಗಳನ್ನು ದೇಶದ ನಕ್ಷೆಯ ಆಕಾರದ ತೋಟದಲ್ಲಿ ಕಟ್ಟಿದ್ದಾರೆ. ಸೈಕಲ್ ಹೊಡೆಯುವ ಮಕ್ಕಳಿದ್ದರೆ ಸೈ. ಇಲ್ಲದಿದ್ದರೆ ಅಸಲಿಯನ್ನೇ ನೋಡಿ.

ಎರಡನೇ ಸಲ ಹೋಗುವವರಿಗೆ

ಅರಮನೆ, ವಾಟ್ ಫೋ ಎಲ್ಲ ಆಯಿತು, ಇನ್ನೇನಿದೆ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಸಾವೊ ಚಿಂಗ್‌ಚಾ ಸುತ್ತಮುತ್ತ. ಮೆಟ್ರೋದ ಸಾಮ್ ಯೋತ್ ನಿಲ್ದಾಣದಿಂದ ನಡೆದು ಹೋಗಬಹುದು. ರಸ್ತೆಯ ನಡುವೆ ಎರಡು ಭಾರಿ ಕೆಂಪು ಕಂಬಗಳು, ಮೇಲೊಂದು ತೊಲೆ. ಇದು ಉಯ್ಯಾಲೆ. ಆಸ್ಥಾನದ ಬ್ರಾಹ್ಮಣರು ಶಿವನನ್ನು ಬರಮಾಡಿಕೊಳ್ಳುವ ಹಬ್ಬದಲ್ಲಿ ಇದರಲ್ಲಿ ಆಳುಗಳು ಆಕಾಶಕ್ಕೆ ಜೀಕುತ್ತಿದ್ದರು. 1935ರಲ್ಲಿ ಜೀಕುವುದು ನಿಂತಿತು, ಹಬ್ಬದ ಪೂಜೆ ಈಗಲೂ ಪಕ್ಕದ ದೇವಸ್ಥಾನ್ ಎಂಬ ಬ್ರಾಹ್ಮಣ ಗುಡಿಯಲ್ಲಿ ನಡೆಯುತ್ತದೆ. ಆ ಹಬ್ಬದಲ್ಲಿ ಅವರು ಹೇಳುವ ಸ್ತೋತ್ರಗಳ ಮೂಲ ತಮಿಳಿನ ತಿರುವೆಂಬಾವೈ, ತಿರುಪ್ಪಾವೈ. ಧನುರ್ಮಾಸದಲ್ಲಿ ನಮ್ಮ ಕಡೆಯ ಎಷ್ಟೋ ಗುಡಿಗಳಲ್ಲಿ ಬೆಳಗಿನ ಜಾವ ಕೇಳುವ ಅದೇ ತಿರುಪ್ಪಾವೈ! ಶಿವ, ಗಣಪತಿ, ವಿಷ್ಣು ಮೂವರಿಗೂ ಅಲ್ಲಿ ಬೇರೆ ಬೇರೆ ಪುಟ್ಟ ಗುಡಿಗಳಿವೆ. ಒಳಗೆ ಬಿಡದ ದಿನಗಳೂ ಇರುತ್ತವೆ, ಅಂಗಳದಲ್ಲಿ ನಿಂತು ಬನ್ನಿ.

ಎದುರಿಗೆ ವಾಟ್ ಸುಥಾತ್. ದೊಡ್ಡ ಗುಡಿ, ಕಡಿಮೆ ಜನ, ಸುಖೋಥಾಯ್‌ನಿಂದ ತಂದ ಭಾರಿ ಬುದ್ಧ, ಗೋಡೆ ಕಂಬಗಳ ತುಂಬ ಚಿತ್ರ. ಅಲ್ಲಿಂದ ಬಮ್ರುಂಗ್ ಮುವಾಂಗ್ ರಸ್ತೆಯಲ್ಲಿ ಬುದ್ಧನ ವಿಗ್ರಹ, ಪೂಜಾ ಸಾಮಾನು ಮಾರುವ ಅಂಗಡಿಗಳ ಸಾಲು. ಇನ್ನೂ ಸ್ವಲ್ಪ ಮುಂದೆ ಬಾನ್ ಬಾತ್ ಎಂಬ ಓಣಿ. ಭಿಕ್ಷುಗಳ ಪಾತ್ರೆಯನ್ನು ಕಬ್ಬಿಣದ ಎಂಟು ತುಂಡು ಜೋಡಿಸಿ ಕೈಯಲ್ಲೇ ಬಡಿದು ಮಾಡುವ ಕೆಲವೇ ಮನೆಗಳು ಅಲ್ಲಿ ಉಳಿದಿವೆ. ಸುತ್ತಿಗೆಯ ಸದ್ದು ಹಿಡಿದು ಹೋದರೆ ಸಿಗುತ್ತದೆ. ಒಂದು ಸಂಜೆಯ ತುಂಡಿಗೆ ಇಷ್ಟು ಸಾಕು. ಕೊನೆಗೆ ಹತ್ತಿರದ ವಾಟ್ ಸಾಕೆತ್‌ನ ಚಿನ್ನದ ಗುಡ್ಡ ಹತ್ತಿ. ಮೆಟ್ಟಿಲು 344, ಆದರೆ ಗುಡ್ಡವನ್ನು ಸುತ್ತಿಕೊಂಡು ನಿಧಾನವಾಗಿ ಏರುತ್ತವೆ, ನೆರಳಿದೆ. ಮೇಲಿಂದ ಹಳೇ ಊರು ಪೂರ್ತಿ ಕಾಣುತ್ತದೆ. ಎತ್ತರದ ಹೋಟೆಲ್‌ಗಳ ಮಹಡಿ ಬಾರ್‌ಗಳಲ್ಲಿ ಒಂದು ಲೋಟಕ್ಕೆ ಕೊಡುವ ದುಡ್ಡಿಗಿಂತ ತುಂಬ ಕಡಿಮೆಯಲ್ಲಿ ಅದಕ್ಕಿಂತ ಒಳ್ಳೆಯ ನೋಟ.

ಊಟ, ಬಿಡಾರ

ಸಂಜೆಗೆ ಚೀನೀಯರ ಯಾವೊರಾತ್ ರಸ್ತೆ ಚೆನ್ನಾಗಿದೆ. ಮೊದಲು ವಾಟ್ ತ್ರೈಮಿತ್‌ನ ಚಿನ್ನದ ಬುದ್ಧನನ್ನು ನೋಡಿ. ಐದೂವರೆ ಟನ್ ತೂಕ. ಗಾರೆಯ ವಿಗ್ರಹ ಎಂದೇ ಎಲ್ಲರೂ ತಿಳಿದಿದ್ದರು. 1955ರಲ್ಲಿ ಸಾಗಿಸುವಾಗ ಗಾರೆ ಒಡೆದು ಒಳಗಿನ ಚಿನ್ನ ಕಂಡಿತು. ಬೀದಿ ಊಟದಲ್ಲಿ ಸಸ್ಯಾಹಾರಿಗಳಿಗೆ ಎಚ್ಚರ ಬೇಕು. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಹಳದಿ ಬಾವುಟದಲ್ಲಿ ಕೆಂಪಕ್ಷರದಲ್ಲಿ "ಜೇ" ಎಂದು ಬರೆದಿದ್ದರೆ ಅಲ್ಲಿ ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಮನೆ ಊಟದ ನೆನಪಾದರೆ ಹತ್ತಿರದ ಫಾಹುರತ್‌ನಲ್ಲಿ ಭಾರತೀಯರ ಹೋಟೆಲ್‌ಗಳು, ಸಿಖ್ಖರ ಗುರುದ್ವಾರ ಇವೆ.

ಉಳಿಯಲು ಹಳೇ ಊರು, ಸಿಲೋಮ್, ಸುಖುಮ್‌ವಿತ್ ಈ ಮೂರರಲ್ಲಿ ಒಂದನ್ನು ಆರಿಸಬೇಕು. ನೋಡುವುದೇ ಮುಖ್ಯ ಅನ್ನುವವರಿಗೆ ಸಿಲೋಮ್ ಇಲ್ಲವೇ ಸಫಾನ್ ತಾಕ್ಸಿನ್ ಸುತ್ತ ಒಳ್ಳೆಯದು. ರೈಲು, ದೋಣಿ ಎರಡೂ ಕಾಲ ಬುಡದಲ್ಲಿ, ಮಾರಿಯಮ್ಮನ್ ಗುಡಿಯೂ ಅಲ್ಲೇ. ಹಳೇ ಊರು ಅಗ್ಗ, ನಡೆದಾಡಲು ಚೆಂದ, ಆದರೆ ರಾತ್ರಿ ಬೇರೆ ಕಡೆ ಹೋಗಲು ತೊಂದರೆ. ಸುಖುಮ್‌ವಿತ್ ಅಂಗಡಿ, ಹೋಟೆಲ್‌ಗಳಿಗೆ ಸರಿ, ಗುಡಿಗಳಿಗೆ ದೂರ.

ಯಾರಿಗೆ ಯಾವುದು

ಅಪ್ಪ ಅಮ್ಮನ ಜೊತೆ ಹೋಗುವವರು ಅರಮನೆಯನ್ನು ಬಿಡಿ ಎಂದು ನಾನು ಹೇಳಲಾರೆ, ರಾಮಾಯಣದ ಚಿತ್ರಗಳನ್ನು ಹೆಚ್ಚು ಪ್ರೀತಿಯಿಂದ ನೋಡುವವರು ಅವರೇ. ಆದರೆ ಆ ದಿನ ಅದೊಂದನ್ನೇ ಇಡಿ, ಸಂಜೆ ನದಿ ದೋಣಿ ಸಾಕು. ಮರುದಿನ ಸಂಜೆ ವಾಟ್ ಫೋ. ಮೂರನೆಯ ದಿನ ಥೊನ್‌ಬುರಿ ಕಾಲುವೆ, ಕೂತಲ್ಲೇ ಊರು ಕಾಣುತ್ತದೆ. ಅಯುತ್ಥಯ ಬೇಡ.

ಕಡಿಮೆ ದುಡ್ಡಿನಲ್ಲಿ ಒಬ್ಬರೇ ತಿರುಗುವವರು ಅರಮನೆಯನ್ನು ಬಿಟ್ಟು ವಾಟ್ ಫೋ, ರೈಲಿನಲ್ಲಿ ಅಯುತ್ಥಯ, ಸಾವೊ ಚಿಂಗ್‌ಚಾದ ಓಣಿಗಳು, ವಾಟ್ ಪಾಕ್‌ನಾಮ್ ಇಟ್ಟುಕೊಳ್ಳಿ. ಅರಮನೆಯ ಒಂದು ಟಿಕೆಟ್‌ನ ದುಡ್ಡಿನಲ್ಲಿ ಅಯುತ್ಥಯದ ಇಡೀ ದಿನ ಹೆಚ್ಚುಕಮ್ಮಿ ಮುಗಿಯುತ್ತದೆ. ಸಣ್ಣ ಮಕ್ಕಳಿದ್ದರೆ ದೋಣಿಗಳೇ ಅವರಿಗೆ ಆಟ. ಗುಡಿ ಎರಡಕ್ಕಿಂತ ಜಾಸ್ತಿ ಬೇಡ. ಶನಿವಾರ ಭಾನುವಾರ ಸಿಕ್ಕರೆ ಚಾತುಚಕ್ ಸಂತೆಗೆ ಬೆಳಿಗ್ಗೆಯೇ ಹೋಗ್ಬಿಡಿ, ಮಧ್ಯಾಹ್ನ ಅಲ್ಲಿ ಉಸಿರು ಕಟ್ಟುತ್ತದೆ.

ಇನ್ನು ಬೇರೆ ದೇಶಕ್ಕೆ ಹೋಗುವ ದಾರಿಯಲ್ಲಿ ಏಳೆಂಟು ಗಂಟೆ ಮಾತ್ರ ಸಿಕ್ಕವರು. ವೀಸಾ ನಿಯಮ ನೋಡಿಕೊಂಡು ಹೊರಬನ್ನಿ, ಸಾಮಾನನ್ನು ಸುವರ್ಣಭೂಮಿ ನಿಲ್ದಾಣದಲ್ಲೇ ಇಡಿ. ಏರ್‌ಪೋರ್ಟ್ ರೈಲಿನಲ್ಲಿ ಮಕ್ಕಾಸಾನ್‌ಗೆ ಬಂದು, ಪಕ್ಕದ ಫೆಚ್‌ಬುರಿ ನಿಲ್ದಾಣದಲ್ಲಿ ಮೆಟ್ರೋ ಹಿಡಿದು ಸನಾಮ್ ಚಾಯ್‌ನಲ್ಲಿ ಇಳಿಯಿರಿ. ಮೇಲೆ ಬಂದರೆ ವಾಟ್ ಫೋ ಕೆಲವೇ ನಿಮಿಷದ ನಡಿಗೆ. ಟ್ಯಾಕ್ಸಿಯ ಗೊಡವೆ ಬೇಡ. ವಿಮಾನಕ್ಕೆ ಮೂರು ಗಂಟೆ ಮುಂಚೆ ಮೆಟ್ರೋ ಹತ್ತಿ ವಾಪಸು ಹೊರಡಿ.